ಕೋರ್ಟ್ ಕಟ್ಟೆ: ಬೇಲಿಫ್ ಬಂದಾಗ ಬಾಗಿಲು ಹಾಕಿಕೊಂಡರೆ ಕೇಸು ತಪ್ಪುತ್ತಾ?

ಹೋದ ತಿಂಗಳು ಈ ಅಂಕಣದ ಕೊನೆಗೆ "ಕೋರ್ಟಿನ ಬಗ್ಗೆ ಏನು ಸಂಶಯ ಇದ್ದರೂ ಬರೆಯಿರಿ" ಅಂತ ಒಂದು ಸಾಲು ಹಾಕಿದ್ದೆ. ಅಷ್ಟೇ ಸಾಕಾಯಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮೂರೂ ಕಡೆಯಿಂದ ಪತ್ರಗಳ ರಾಶಿ ಬಿದ್ದಿದೆ. ಒಬ್ಬರಂತೂ ಮೂರು ತಲೆಮಾರಿನ ಉತಾರದ ಜೆರಾಕ್ಸನ್ನೇ ಕಟ್ಟಿ ಕಳಿಸಿದ್ದಾರೆ. ದಯವಿಟ್ಟು ದಾಖಲೆ ಕಳಿಸಬೇಡಿ, ಕಳೆದರೆ ನನಗೂ ತಾಪತ್ರಯ, ನಿಮಗೂ ತಾಪತ್ರಯ.

ಇನ್ನೊಂದು ಮಾತು. ನಾನು ವಕೀಲ ಅಲ್ಲ. ಈ ಭಾಗದ ಕೋರ್ಟುಗಳಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಟೇಬಲ್ಲಿನ ಆ ಕಡೆ ಕೂತು, ಜನ ಎಲ್ಲೆಲ್ಲಿ ಎಡವುತ್ತಾರೆ ಅನ್ನೋದನ್ನು ದಿನಾ ನೋಡಿದವನು. ನಿಮ್ಮ ಕೇಸು ಗೆಲ್ಲುತ್ತಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಬಾಗಿಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಅಂದರೆ ಹೇಳಬಲ್ಲೆ. ಬರೆದವರ ಹೆಸರು ಹಾಕಿಲ್ಲ, ತಾಲೂಕು ಮಾತ್ರ ಹಾಕಿದ್ದೇನೆ.

ನವಲಗುಂದ ತಾಲೂಕಿನಿಂದ: ಕಾಕಾ, ನಮ್ಮ ಸೋದರತ್ತೆ ಹೊಲದಲ್ಲಿ ಪಾಲು ಕೇಳಿ ದಾವೆ ಹಾಕಿದ್ದಾರೆ. ಕೋರ್ಟಿನ ಕಾಗದ ತರುವ ಬೇಲಿಫ್ ಬಂದಾಗ ಅಪ್ಪ ಒಳಗೇ ಇದ್ದು "ಮನೆಯಲ್ಲಿಲ್ಲ" ಅಂತ ಹೇಳಿಸಿದರು. ಎರಡನೇ ಸಲವೂ ಹಾಗೇ ಮಾಡಿದರು. ಮೂರನೇ ಸಲ ಬಂದವರು ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಅಪ್ಪ ಅದನ್ನು ಹರಿದು ಒಲೆಗೆ ಹಾಕಿ, "ಸಹಿನೇ ಮಾಡಿಲ್ಲ, ಕೇಸು ಹ್ಯಾಗೆ ನಡೀತದ" ಅಂತ ಕೂತಿದ್ದಾರೆ. ಇದು ಸರೀನಾ?

ಸರಿ ಅಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರದಿಂದ ನಿವೃತ್ತಿಯ ದಿನದವರೆಗೂ ನೋಡಿದ ತಪ್ಪು ಇದೇ. ಅದಕ್ಕೇ ಈ ಪತ್ರಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಉಳಿದವರು ಬೇಜಾರಾಗಬೇಡಿ.

ಸಮನ್ಸ್ ಅಂದರೆ ಏನು? "ನಿಮ್ಮ ಮೇಲೆ ಇಂಥವರು ಇಂಥ ದಾವೆ ಹಾಕಿದ್ದಾರೆ, ಇಂಥ ತಾರೀಖಿಗೆ ಬಂದು ನಿಮ್ಮ ಮಾತು ಹೇಳಿ" ಅನ್ನುವ ಕರೆ, ಅಷ್ಟೇ. ಸಹಿ ಮಾಡಿದರೆ ತಪ್ಪು ಒಪ್ಪಿಕೊಂಡಂತೆ ಅಲ್ಲ. ಕಾಗದ ಸಿಕ್ಕಿದೆ ಅಂತ ಮಾತ್ರ ಅರ್ಥ. ಆಸಾಮಿ ಸಿಗದಿದ್ದರೆ ಮನೆಯಲ್ಲಿರುವ ವಯಸ್ಸಿಗೆ ಬಂದ ಯಾರ ಕೈಗಾದರೂ, ಹೆಂಡತಿಯಾಗಲಿ ಮಗನಾಗಲಿ, ಕೊಡಬಹುದು. ಯಾರೂ ತಗೊಳ್ಳದಿದ್ದರೆ ಬಾಗಿಲಿಗೆ ಅಂಟಿಸಬಹುದು. ರಿಜಿಸ್ಟರ್ ಪೋಸ್ಟು ವಾಪಸ್ ಕಳಿಸಿದರೂ ಅಷ್ಟೇ. ಪೋಸ್ಟ್‌ಮನ್ ಲಕೋಟೆ ಮೇಲೆ "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಬರೆದರೆ, ಸಮನ್ಸ್ ತಲುಪಿದೆ ಅಂತಲೇ ಕೋರ್ಟು ತಿಳಿಯುತ್ತದೆ.

ಬೇಲಿಫ್ ಏನು ಮಾಡುತ್ತಾರೆ ಗೊತ್ತಾ? ಅಂಟಿಸಿದ ಮೇಲೆ ಅಲ್ಲೇ ಕಟ್ಟೆ ಮೇಲೆ ಕೂತು ಎಷ್ಟು ಗಂಟೆಗೆ ಬಂದೆ, ಯಾರು ಮನೆ ತೋರಿಸಿದರು, ಯಾರ ಎದುರಿಗೆ ಅಂಟಿಸಿದೆ ಅಂತ ಸಮನ್ಸಿನ ಹಿಂದೆ ಬರೆದು, ಓಣಿಯ ಇಬ್ಬರ ಸಹಿ ತಗೊಳ್ಳುತ್ತಾರೆ. ಆ ಕಾಗದ ಕೋರ್ಟಿಗೆ ಬರುತ್ತದೆ. ಜಡ್ಜ್ ಸಾಹೇಬರು ಅದನ್ನು ನೋಡಿ ಒಪ್ಪಿದರೆ, ತಾರೀಖಿನ ದಿನ ಅಟೆಂಡರ್ ಬಾಗಿಲಲ್ಲಿ ನಿಂತು ನಿಮ್ಮ ಅಪ್ಪನ ಹೆಸರನ್ನು ಮೂರು ಸಲ ಕೂಗುತ್ತಾರೆ. ಯಾರೂ ಓ ಅನ್ನಲಿಲ್ಲ ಅಂದರೆ "ಏಕಪಕ್ಷೀಯ" ಅಂತ ಒಂದು ಪದ ಬೀಳುತ್ತದೆ. ಅಲ್ಲಿಂದ ಮುಂದೆ ನಿಮ್ಮ ಸೋದರತ್ತೆ ಹೇಳಿದ್ದೇ ಹೇಳಿದ್ದು, ಎದುರು ಮಾತಾಡುವವರು ಯಾರೂ ಇರುವುದಿಲ್ಲ.

ಈಗ ಏನು ಮಾಡಬೇಕು? ನಾಳೆಯೇ ನವಲಗುಂದದ ಕೋರ್ಟಿಗೆ ಹೋಗಿ. ತೀರ್ಪು ಇನ್ನೂ ಆಗಿಲ್ಲ ಅಂದರೆ, ಮುಂದಿನ ತಾರೀಖಿಗೆ ವಕೀಲರ ಮೂಲಕ ವಕಾಲತ್ತು (ಇವರು ನಮ್ಮ ಪರ ವಕೀಲರು ಅನ್ನುವ ಕಾಗದ) ಹಾಕಿ, ಏಕಪಕ್ಷೀಯ ಆದೇಶ ತೆಗೆಯಿರಿ ಅಂತ ಅರ್ಜಿ ಕೊಡಿ. ಸಾಮಾನ್ಯವಾಗಿ ಸ್ವಲ್ಪ ದಂಡ ಹಾಕಿ ಬಿಡುತ್ತಾರೆ. ತೀರ್ಪೇ ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸಲು 30 ದಿನದ ಅವಧಿ ಇದೆ. ಸಮನ್ಸ್ ನಿಜವಾಗಿಯೂ ತಲುಪಿರದಿದ್ದರೆ ತೀರ್ಪು ಗೊತ್ತಾದ ದಿನದಿಂದ 30 ದಿನ ಎಣಿಸುತ್ತಾರೆ. ನಿಮ್ಮ ಅಪ್ಪ "ನನಗೆ ತಲುಪೇ ಇಲ್ಲ" ಅನ್ನುವ ಹಾಗಿಲ್ಲ, ಓಣಿಯ ಇಬ್ಬರು ಸಹಿ ಮಾಡಿ ಕೂತಿದ್ದಾರಲ್ಲ. ಪ್ರತಿವಾದಿಯ ಕೈಫಿಯತ್ತು, ಅಂದರೆ ದಾವೆಗೆ ಬರವಣಿಗೆಯ ಉತ್ತರ, ಸಮನ್ಸ್ ತಲುಪಿದ 30 ದಿನದಲ್ಲಿ ಕೊಡಬೇಕು. ಕಾರಣ ಹೇಳಿದರೆ 90 ದಿನದವರೆಗೆ ಬಿಡಬಹುದು. ಅದನ್ನೂ ದಾಟಿದರೆ ಜಡ್ಜ್ ಮುಂದೆ ಗೋಗರೆಯಬೇಕು.

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಪಿತ್ರಾರ್ಜಿತ ಹೊಲದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲಿದೆ. 2005ರ ಸೆಪ್ಟೆಂಬರ್ 9ರಿಂದ ಕಾನೂನು ಹಾಗಿದೆ. ಆ ದಿನ ತಂದೆ ಬದುಕಿದ್ದರೋ ಇಲ್ಲವೋ ಅನ್ನೋದು ಮುಖ್ಯ ಅಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿ ಆ ಜಗಳವನ್ನೂ ಮುಗಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ (ತೀರ್ಪಿನ ಮೇಲೆ ಕೋರ್ಟು ಹೊರಡಿಸುವ ಆದೇಶ) ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿ ಮುಗಿದಿದ್ದರೆ ಮಾತು ಬೇರೆ. "ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವೆ" ಅನ್ನೋದು ಕಟ್ಟೆ ಮೇಲೆ ನಡೆಯುವ ವಾದ, ಕೋರ್ಟಿನಲ್ಲಿ ನಡೆಯಲ್ಲ. ಪಹಣಿ ಅಪ್ಪನ ಹೆಸರಿಗೇ ಇದೆ ಅಂತ ಧೈರ್ಯದಿಂದ ಇರಬೇಡಿ. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರು ಇದ್ದ ಮಾತ್ರಕ್ಕೆ ಉಳಿದವರ ಹಕ್ಕು ಹೋಗಲ್ಲ.

ಇನ್ನೂ ಒಂದಿದೆ. ಪಾಲಿನ ದಾವೆಯಲ್ಲಿ ಒಂದೇ ತೀರ್ಪಿಗೆ ಎಲ್ಲ ಮುಗಿಯುವುದಿಲ್ಲ. ಮೊದಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ ಆಗುತ್ತದೆ. ಆಮೇಲೆ ಅಂತಿಮ ಡಿಕ್ರಿ ಆಗಬೇಕು. ಕಂದಾಯದ ಜಮೀನಾದರೆ ಕಾಗದ ಕಂದಾಯ ಇಲಾಖೆಗೆ ಹೋಗಿ, ಸರ್ವೇಯರ್ ಬಂದು, ಅಳೆದು, ಕಲ್ಲು ನೆಟ್ಟು ಪಾಲು ಮಾಡಿ ಕೊಡಬೇಕು. ಅಣ್ಣ-ತಂಗಿಯ ದಾವೆ ಮೊಮ್ಮಕ್ಕಳ ಕಾಲಕ್ಕೆ ಮುಗಿದದ್ದನ್ನು ನಾನೇ ಫೈಲು ಕಟ್ಟಿ ರೆಕಾರ್ಡ್ ರೂಮಿಗೆ ಕಳಿಸಿದ್ದೇನೆ. ಅಪ್ಪನನ್ನು ಒಪ್ಪಿಸಿ ಸೋದರತ್ತೆಯ ಮನೆಗೇ ಒಮ್ಮೆ ಕರ್ಕೊಂಡು ಹೋಗೋದು ನನ್ನ ಲೆಕ್ಕದಲ್ಲಿ ಅಗ್ಗ. ಆದರೆ ಕೋರ್ಟಿನ ತಾರೀಖು ಬಿಡದೆ ಹೋಗಿ. "ಮನೇಲಿ ಮಾತು ನಡೀತಾ ಇದೆ" ಅಂತ ಹೋಗದೆ ಕೂತು ಏಕಪಕ್ಷೀಯ ಆದವರೂ ಇದ್ದಾರೆ.

ಹುಬ್ಬಳ್ಳಿಯಿಂದ, ಬಿ.ಕಾಂ. ವಿದ್ಯಾರ್ಥಿನಿ: ಸರ್, ಜೆಎಂಎಫ್‌ಸಿ, ಸೆಷನ್ಸ್, ಸೀನಿಯರ್ ಡಿವಿಜನ್ ಅಂತೆಲ್ಲ ಪೇಪರಿನಲ್ಲಿ ಬರುತ್ತೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತಾನೇ ಗೊತ್ತಾಗಲ್ಲ.

ವಕೀಲರ ಮನೆಯವರಿಗೂ ಗೊತ್ತಿರಲ್ಲ ಬಿಡಮ್ಮಾ. ತಾಲೂಕಿನಲ್ಲಿ ಒಬ್ಬರೇ ಜಡ್ಜ್ ಎರಡು ಟೋಪಿ ಹಾಕಿಕೊಂಡಿರುತ್ತಾರೆ. ಹೊಲ, ಮನೆ, ಸಾಲದ ತಕರಾರು ಬಂದಾಗ ಸಿವಿಲ್ ಜಡ್ಜ್. ಹೊಡೆದಾಟ, ಕಳ್ಳತನ ಬಂದಾಗ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಕುರ್ಚಿ ಒಂದೇ. ನಮ್ಮ ಅಜ್ಜಂದಿರು ಇವರನ್ನೇ ಮುನ್ಸೀಫ್ ಸಾಹೇಬರು ಅನ್ನುತ್ತಿದ್ದರು. ಈ ಮ್ಯಾಜಿಸ್ಟ್ರೇಟ್ ಹೆಚ್ಚೆಂದರೆ 3 ವರ್ಷ ಜೈಲು ಕೊಡಬಹುದು, ಚೀಫ್ ಜುಡಿಶಿಯಲ್ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ. ಕೊಲೆಯಂಥ ದೊಡ್ಡ ಕೇಸು ಸೆಷನ್ಸ್ ಕೋರ್ಟಿಗೇ ಹೋಗಬೇಕು. ಜಿಲ್ಲಾ ಜಡ್ಜ್ ಮತ್ತು ಸೆಷನ್ಸ್ ಜಡ್ಜ್ ಒಬ್ಬರೇ, ಅಲ್ಲೂ ಟೋಪಿ ಎರಡು. ಸಿವಿಲ್ ಕಡೆ ಆಸ್ತಿಯ ಬೆಲೆ ಕಡಿಮೆ ಇದ್ದರೆ ಜೂನಿಯರ್ ಡಿವಿಜನ್, ಜಾಸ್ತಿ ಇದ್ದರೆ ಸೀನಿಯರ್ ಡಿವಿಜನ್.

ಹಾನಗಲ್ಲಿನ ಒಬ್ಬರು "ಹೈಕೋರ್ಟಿಗೆ ಬೆಂಗಳೂರಿಗೇ ಹೋಗಬೇಕಾ" ಅಂತ ಕೇಳಿದ್ದಾರೆ. ಅವರಿಗೂ ಇಲ್ಲೇ ಉತ್ತರ. ಬೇಕಿಲ್ಲ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ಇದೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಉತ್ತರ ಕನ್ನಡ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಕಡೆಯವರೆಲ್ಲ ಅಲ್ಲಿಗೇ ಬರುತ್ತಾರೆ. ಅದಕ್ಕೂ ಮೊದಲು ನಮ್ಮ ಕಡೆಯ ರೈತರು ರಾತ್ರಿ ಬಸ್ಸು ಹತ್ತಿ, 400 ಕಿಲೋಮೀಟರ್ ದಾಟಿ, ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು ಕೋರ್ಟಿಗೆ ಹೋಗಿ, "ಇವತ್ತು ನಿಮ್ಮ ಕೇಸು ಬರಲಿಲ್ಲ" ಅಂತ ಕೇಳಿಸಿಕೊಂಡು ಅದೇ ರಾತ್ರಿ ವಾಪಸ್ ಬರುತ್ತಿದ್ದರು. ವಕೀಲರು ಅಷ್ಟು ವರ್ಷ ಹೋರಾಟ ಮಾಡಿದ್ದು ಸುಮ್ನೆ ಅಲ್ಲ. ಅಪೀಲಿನ ಅವಧಿ ಮಾತ್ರ ಮರೆಯಬೇಡಿ: ಸಿವಿಲ್ ತೀರ್ಪಿನ ಮೇಲೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ.

ಹುಬ್ಬಳ್ಳಿಗೆ ಹೊಸದಾಗಿ ಬರುವವರಿಗೆ ಒಂದು ಕಿವಿಮಾತು. ಆಟೋದವರಿಗೆ "ಕೋರ್ಟ್ ಸರ್ಕಲ್" ಅನ್ನಬೇಡಿ. ಅಲ್ಲಿ ಹೆಸರು ಮಾತ್ರ ಉಳಿದಿದೆ. "ತಿಮ್ಮಸಾಗರದ ಹೊಸ ಕೋರ್ಟ್" ಅನ್ನಿ. 2018ರಿಂದ ಕೋರ್ಟು ಅಲ್ಲಿದೆ. ಕಟ್ಟಡ ಎಷ್ಟು ದೊಡ್ಡದು ಅಂದರೆ ನಿಮ್ಮ ಹಾಲ್ ಹುಡುಕಲಿಕ್ಕೇ ಹೊತ್ತು ಬೇಕು, ಹನ್ನೊಂದಕ್ಕೆ ಕೇಸು ಇದ್ದರೆ ಹತ್ತೂವರೆಗೇ ಒಳಗಿರಿ.

ಬ್ಯಾಡಗಿಯಿಂದ: ಬೇರೆ ಜಿಲ್ಲೆಯ ವ್ಯಾಪಾರಿಯೊಬ್ಬರು ನನ್ನ ಮೆಣಸಿನಕಾಯಿ ತಗೊಂಡು 1,80,000 ರೂಪಾಯಿಗೆ ಚೆಕ್ ಕೊಟ್ಟರು. ಬ್ಯಾಂಕಿನಲ್ಲಿ ದುಡ್ಡಿಲ್ಲ ಅಂತ ವಾಪಸ್ ಬಂತು. ಫೋನ್ ಮಾಡಿದರೆ "ಹದಿನೈದು ದಿನ ತಡೀರಿ" ಅಂತಾರೆ. ಹೀಗೇ ಇಪ್ಪತ್ತು ದಿನ ಆಯಿತು. ಅವರ ಊರಿಗೇ ಹೋಗಿ ಕೇಸು ಹಾಕಬೇಕಾ?

ರೀ, ಮೊದಲು ಕ್ಯಾಲೆಂಡರ್ ತೆಗೆಯಿರಿ. ಚೆಕ್ ಬೌನ್ಸ್ ಕೇಸಿನಲ್ಲಿ ನ್ಯಾಯಕ್ಕಿಂತ ಮೊದಲು ಎಣಿಕೆ. ಚೆಕ್ ವಾಪಸ್ ಆಗಿದೆ ಅಂತ ಬ್ಯಾಂಕಿನಿಂದ ನಿಮಗೆ ತಿಳಿದ ದಿನದಿಂದ 30 ದಿನದೊಳಗೆ ದುಡ್ಡು ಕೊಡಿ ಅಂತ ಬರವಣಿಗೆಯಲ್ಲಿ ನೋಟಿಸ್ ಕಳಿಸಬೇಕು. ನಿಮ್ಮದು ಆಗಲೇ 20 ಹೋಗಿವೆ. ಅವರು "ಹದಿನೈದು ದಿನ" ಅನ್ನುವುದು ಈ 30 ದಾಟಿಸಲಿಕ್ಕೇ ಇರಬಹುದು. ಎಲ್ಲರೂ ಹಾಗೆ ಅಂತ ನಾನು ಹೇಳಲ್ಲ, ಆದರೆ ಪೇಟೆಯಲ್ಲಿ ಈ ಲೆಕ್ಕ ಗೊತ್ತಿದ್ದವರು ಬಹಳ ಜನ ಇದ್ದಾರೆ.

ನೋಟಿಸ್ ಅವರ ಕೈಗೆ ಸಿಕ್ಕ ಮೇಲೆ ದುಡ್ಡು ಕೊಡಲು ಅವರಿಗೆ 15 ದಿನ. ಕೊಡಲಿಲ್ಲ ಅಂದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಫಿರ್ಯಾದು. ಫಿರ್ಯಾದು ತಡವಾದರೆ ಕಾರಣ ಹೇಳಿ ಬಿಡಿಸಿಕೊಳ್ಳಬಹುದು, ನೋಟಿಸಿನ 30 ದಿನ ತಪ್ಪಿದರೆ ಹಾಗೆ ಬಿಡಿಸಿಕೊಳ್ಳಲು ಬರಲ್ಲ. ಒಂದೇ ಸಮಾಧಾನ ಅಂದರೆ, ಚೆಕ್ಕಿನ ಮೇಲಿನ ತಾರೀಖಿನಿಂದ 3 ತಿಂಗಳು ಮುಗಿದಿಲ್ಲ ಅಂದರೆ ಇನ್ನೊಮ್ಮೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸ್ ಆದರೆ ಎಣಿಕೆ ಹೊಸದಾಗಿ ಶುರು.

ಅವರ ಊರಿಗೆ ಅಲೆಯಬೇಕಿಲ್ಲ. 2015ರ ತಿದ್ದುಪಡಿ ಆದ ಮೇಲೆ, ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟಿಗೇ ಕೇಸು. ಖಾತೆ ಬ್ಯಾಡಗಿಯಲ್ಲಿದ್ದರೆ ಅವರೇ ಬ್ಯಾಡಗಿಗೆ ಬರಬೇಕು. ತಪ್ಪು ಸಾಬೀತಾದರೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. ನಿಜ ಹೇಳಬೇಕಂದರೆ ಇಂಥ ಕೇಸುಗಳಲ್ಲಿ ಬಹಳಷ್ಟು ಮಧ್ಯದಲ್ಲೇ ರಾಜಿಯಾಗಿ ದುಡ್ಡು ಕೈಗೆ ಬಂದು ಮುಗಿಯುತ್ತವೆ, ಮತ್ತು ನಿಮಗೆ ಬೇಕಾಗಿರುವುದೂ ದುಡ್ಡೇ ಅಲ್ವಾ?

ಚೆಕ್ಕು, ಬ್ಯಾಂಕಿನ ಮೆಮೊ, ನೋಟಿಸಿನ ಪ್ರತಿ, ಪೋಸ್ಟಿನ ರಸೀದಿ, ಜೊತೆಗೆ ಮಾಲು ಕೊಟ್ಟದ್ದಕ್ಕೆ ಪಟ್ಟಿಯೋ ಚೀಟಿಯೋ ಏನಿದ್ದರೂ ಒಂದೇ ಫೈಲಿನಲ್ಲಿಡಿ. ಪೋಸ್ಟಿನ ರಸೀದಿಯ ಮಸಿ ಆರು ತಿಂಗಳಲ್ಲಿ ಮಾಸುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ.

ಗದಗದಿಂದ: ಎರಡು ವರ್ಷದ ಹಿಂದೆ ರಸ್ತೆಯಲ್ಲಿ ಬೈಕ್ ಅಪಘಾತ ಆಗಿತ್ತು. ಬಿದ್ದವನನ್ನು ನಾನೇ ಆಸ್ಪತ್ರೆಗೆ ಸೇರಿಸಿದೆ, ಪೊಲೀಸರಿಗೂ ಕಂಡದ್ದು ಹೇಳಿದೆ. ಈಗ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ಮನೆಯವರು "ನಿನಗ್ಯಾಕ ಬೇಕಿತ್ತು ಊರ ಉಸಾಬರಿ" ಅಂತ ಬೈತಾ ಇದ್ದಾರೆ. ಹೋಗದಿದ್ದರೆ ಏನಾಗುತ್ತೆ?

ಮೊದಲು, ನೀವು ಮಾಡಿದ್ದು ಒಳ್ಳೆಯ ಕೆಲಸ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯಲ್ಲೇ 2019ರ ತಿದ್ದುಪಡಿಯಿಂದ ರಕ್ಷಣೆ ಇದೆ. ಹೆಸರು, ವಿಳಾಸ ಕೊಡು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಆದರೆ ನೀವಾಗಿಯೇ ಹೇಳಿಕೆ ಕೊಟ್ಟಿದ್ದೀರಿ, ಕೋರ್ಟೂ ಕರೆದಿದೆ. ಈಗ ಹೋಗಲೇಬೇಕು. ಹೋಗದಿದ್ದರೆ ವಾರಂಟ್ ಬರಬಹುದು, ಆಗ ಪೊಲೀಸರು ಮನೆಗೆ ಬರುತ್ತಾರೆ, ಮನೆಯವರ ಬೈಗುಳ ಇನ್ನೂ ಜಾಸ್ತಿ ಆಗುತ್ತದೆ.

ಅಲ್ಲಿ ಏನಾಗುತ್ತೆ ಅಂತ ಹೇಳಿಬಿಡುತ್ತೇನೆ, ಅರ್ಧ ಭಯ ಹೋಗುತ್ತದೆ. ಸಮನ್ಸ್ ಕೈಯಲ್ಲಿ ಹಿಡಿದು ಸರ್ಕಾರಿ ವಕೀಲರನ್ನೋ ಕೋರ್ಟ್ ಡ್ಯೂಟಿಯ ಪೊಲೀಸರನ್ನೋ ಕಂಡು "ಬಂದಿದ್ದೇನೆ" ಅನ್ನಿ. ಹೆಸರು ಕೂಗಿದಾಗ ಕಟಕಟೆಗೆ ಹೋಗಿ. ಸಿನಿಮಾದ ಹಾಗೆ ಯಾರೂ ಟೇಬಲ್ ಬಡಿಯಲ್ಲ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸುತ್ತಾರೆ. ಮೊದಲು ಸರ್ಕಾರಿ ವಕೀಲರು ಕೇಳುತ್ತಾರೆ, ನೀವು ಕಂಡದ್ದು ಹೇಳಿ. ಟೈಪ್ ಮಾಡುವವರು ಪಕ್ಕದಲ್ಲೇ ಇರುತ್ತಾರೆ, ಸ್ವಲ್ಪ ನಿಧಾನ ಹೇಳಿ. ಆಮೇಲೆ ಆರೋಪಿಯ ಕಡೆ ವಕೀಲರು ಪಾಟೀಸವಾಲು ಮಾಡುತ್ತಾರೆ. ಇದಕ್ಕೇ ಎಲ್ಲರೂ ಹೆದರೋದು. "ನೀವು ಅಲ್ಲಿ ಇರಲೇ ಇಲ್ಲ ಅಂದರೆ ಸರೀನಾ?" ಅಂತ ಕೇಳುತ್ತಾರೆ. ಅದು ಅವರ ಕೆಲಸ, ನಿಮ್ಮ ಮೇಲಿನ ದ್ವೇಷ ಅಲ್ಲ. "ಸರಿ ಅಲ್ಲ" ಅನ್ನಿ, ಸಾಕು. ಬೈಕ್ ಎಷ್ಟು ವೇಗದಲ್ಲಿತ್ತು ಅಂತ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಿ. ಮರೆತಿದ್ದರೆ "ನೆನಪಿಲ್ಲ" ಅನ್ನಿ. ನಾನು ಕಂಡ ಹಾಗೆ, ಗೊತ್ತಿಲ್ಲ ಅಂದ ಸಾಕ್ಷಿದಾರ ಕೆಟ್ಟದ್ದು ಕಡಿಮೆ. ಗೊತ್ತಿಲ್ಲದ್ದಕ್ಕೆ ಅಂದಾಜು ಹೇಳಿ, ಆ ಅಂದಾಜು ಉಳಿಸಿಕೊಳ್ಳಲು ಇನ್ನೊಂದು ಅಂದಾಜು ಹೇಳಿ ಸಿಕ್ಕಿಬಿದ್ದವರೇ ಜಾಸ್ತಿ. ಎಲ್ಲ ಮುಗಿದ ಮೇಲೆ ಬರೆದದ್ದನ್ನು ಓದಿ ಹೇಳುತ್ತಾರೆ. ನೀವು ಹೇಳದ್ದು ಅದರಲ್ಲಿದ್ದರೆ ಅಲ್ಲೇ ಹೇಳಿ, ಆಮೇಲೆ ಸಹಿ. ಸರ್ಕಾರದ ಕಡೆ ಸಾಕ್ಷಿಗೆ ಪ್ರಯಾಣದ ಭತ್ಯೆ ಉಂಟು. ಕೇಳದಿದ್ದರೆ ಸಿಗಲ್ಲ, ಕೇಳಿ.

ಇನ್ನು ಠಾಣೆಯ ವಿಷಯ. ಹೆಣ್ಣುಮಕ್ಕಳನ್ನು, 15 ವರ್ಷದ ಒಳಗಿನವರನ್ನು, 60 ದಾಟಿದವರನ್ನು ಸಾಕ್ಷಿ ಹೇಳಿಕೆಗೆ ಅಂತ ಪೊಲೀಸರು ಠಾಣೆಗೆ ಕರೆಸುವ ಹಾಗಿಲ್ಲ, ಅವರ ಮನೆಗೇ ಹೋಗಿ ಕೇಳಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ ಇದು ಇದೆ, ಹಳೆಯದರಲ್ಲಿ 65 ಇದ್ದ ವಯಸ್ಸು ಈಗ 60 ಆಗಿದೆ.

ರಾಣೆಬೆನ್ನೂರು ತಾಲೂಕಿನಿಂದ: ಗಂಡ ಬಿಟ್ಟು ಎರಡು ವರ್ಷ. ಒಂದು ಮಗು ಇದೆ. ತವರಿನಲ್ಲಿದ್ದೇನೆ. ಕೋರ್ಟಿಗೆ ಹೋಗಲು ವಕೀಲರ ಫೀಸು ಎಲ್ಲಿಂದ ತರಲಿ ಅಣ್ಣಾ?

ತರಬೇಕಿಲ್ಲ ತಂಗಿ. ರಾಣೆಬೆನ್ನೂರಿನ ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಅಂತ ಬೋರ್ಡ್ ಇರುತ್ತದೆ. ಅಲ್ಲಿ ಹೋಗಿ ಒಂದು ಅರ್ಜಿ ಕೊಡು. ವಕೀಲರನ್ನು ಅವರೇ ಕೊಡುತ್ತಾರೆ, ಫೀಸು ಸರ್ಕಾರದ್ದು. ಹೆಣ್ಣುಮಕ್ಕಳಿಗೆ ಇದಕ್ಕೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಜೈಲಿನಲ್ಲಿರುವವರಿಗೂ ಹಾಗೇ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡು.

ಜೀವನಾಂಶದ ಅರ್ಜಿಯನ್ನು ನೀನು ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಗಂಡನ ಊರಿಗೆ ಹೋಗಬೇಕಿಲ್ಲ. ಕೇಸು ಮುಗಿಯುವವರೆಗೆ ಕಾಯಬೇಡ, ಅದರ ಜೊತೆಗೇ ಮಧ್ಯಂತರ ಜೀವನಾಂಶ ಕೇಳು. ನೋಟಿಸ್ ತಲುಪಿದ 60 ದಿನದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿನಲ್ಲೇ ಇದೆ. ಆ "ಸಾಧ್ಯವಾದಷ್ಟು" ಅನ್ನುವ ಪದದಲ್ಲೇ ತಿಂಗಳುಗಳು ಹೋಗುತ್ತವೆ ಅನ್ನೋದೂ ನಿಜ, ಸುಳ್ಳು ಭರವಸೆ ಕೊಡಲ್ಲ. ಇಬ್ಬರೂ ತಮ್ಮ ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಅವನ ಸಂಬಳದ ಚೀಟಿ, ಅಂಗಡಿಯ ಫೋಟೊ, ಹೊಲದ ಉತಾರ ಏನು ಸಿಕ್ಕರೂ ಕೂಡಿಡು. ಮದುವೆಯ ಲಗ್ನಪತ್ರಿಕೆ, ಫೋಟೊ, ಮಗುವಿನ ಜನನ ಪ್ರಮಾಣಪತ್ರ ಮರೀಬೇಡ.

ಉಚಿತ ವಕೀಲರು ಅಂದರೆ ಕಾಟಾಚಾರಕ್ಕೆ ಮಾಡುತ್ತಾರೆ ಅಂತ ಯಾರಾದರೂ ಹೇಳಬಹುದು. ಚೆನ್ನಾಗಿ ಮಾಡಿದವರನ್ನೂ ಕಂಡಿದ್ದೇನೆ, ತಾರೀಖಿಗೇ ಬಾರದವರನ್ನೂ ಕಂಡಿದ್ದೇನೆ. ಬರದಿದ್ದರೆ ಸಮಿತಿಗೆ ಬರೆದುಕೊಟ್ಟು ಬದಲಾಯಿಸಿಕೊಡಿ ಅನ್ನು. ಸುಮ್ನೆ ಕೂಡಬೇಡ.

ಧಾರವಾಡದಿಂದ, ನಿವೃತ್ತ ಶಿಕ್ಷಕರು: ವಾಟ್ಸಾಪ್ ವಿಡಿಯೊ ಕರೆ ಬಂತು. ಕರಿ ಕೋಟು ಹಾಕಿದವರು, ಹಿಂದೆ ರಾಷ್ಟ್ರಲಾಂಛನ. "ನಿಮ್ಮ ಮೇಲೆ ಹೈಕೋರ್ಟ್ ವಾರಂಟ್ ಇದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ" ಅಂದರು. ನಾನು ಫೋನ್ ಇಟ್ಟೆ. ತಪ್ಪು ಮಾಡಿದೆನಾ?

ಗುರುಗಳೇ, ಸರಿಯಾದದ್ದನ್ನೇ ಮಾಡಿದ್ದೀರಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕೋರ್ಟು ವಿಡಿಯೊದಲ್ಲಿ ಯಾರನ್ನೂ ಹಿಡಿಯಲ್ಲ, ಖಾತೆಗೆ ದುಡ್ಡು ಹಾಕು ಅನ್ನಲ್ಲ. ಮೇಲೆ ಹೇಳಿದ ಹೊಸ ಕಾನೂನಿನಲ್ಲಿ ಮೊಬೈಲಿಗೆ ಸಮನ್ಸ್ ಕಳಿಸಲು ಅವಕಾಶ ಬಂದಿದೆ ಅನ್ನೋದು ನಿಜ. ಅದಕ್ಕೇ ಜನ ಗೊಂದಲಕ್ಕೆ ಬೀಳೋದು. ಆದರೆ ಅಸಲಿ ಸಮನ್ಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರು, ತಾರೀಖು, ಮೊಹರು ಇರುತ್ತವೆ. ಹತ್ತಿರದ ಕೋರ್ಟಿಗೆ ಒಯ್ದು ತೋರಿಸಿದರೆ ಹೌದೋ ಅಲ್ಲವೋ ಹೇಳುತ್ತಾರೆ. ದುಡ್ಡು ಕಳಿಸಿ ಮೋಸ ಹೋದವರು ಯಾರಾದರೂ ಇದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಶಿಗ್ಗಾಂವಿಯಿಂದ: ಲೋಕ ಅದಾಲತ್‌ನಲ್ಲಿ ರಾಜಿ ಆಗು ಅಂತ ವಕೀಲರು ಹೇಳುತ್ತಿದ್ದಾರೆ. ರಾಜಿ ಅಂದರೆ ಸೋತ ಹಾಗೆ ಅಲ್ವಾ?

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅಂತ ಗಾದೆ ಮಾಡಿದವರು ನಮ್ಮ ಹಿರಿಯರೇ. ಅದಾಲತ್ತಿನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅಲ್ಲಿ ಆದ ತೀರ್ಮಾನ ಡಿಕ್ರಿಯಷ್ಟೇ ಗಟ್ಟಿ. ಆದರೆ ಒಂದು ಎಚ್ಚರಿಕೆ. ಅದರ ಮೇಲೆ ಅಪೀಲು ಇಲ್ಲ. "ಮನೆಗೆ ಹೋಗಿ ವಿಚಾರ ಮಾಡಿದೆ, ಕಡಿಮೆ ಆಯಿತು" ಅಂದರೆ ಯಾರೂ ಕೇಳಲ್ಲ. ಹಾಗಾಗಿ ಸಹಿಗೆ ಮೊದಲು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ. ಎಷ್ಟು ದುಡ್ಡು, ಯಾವ ತಾರೀಖಿಗೆ, ಕೊಡದಿದ್ದರೆ ಏನು ಅಂತ ಬರೆದಿದೆಯಾ ನೋಡಿ. ಮನಸ್ಸಿಗೆ ಒಪ್ಪಲಿಲ್ಲ ಅಂದರೆ ಎದ್ದು ಬನ್ನಿ. ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಯಾರೂ ಬಲವಂತ ಮಾಡುವ ಹಾಗಿಲ್ಲ, ವಕೀಲರೂ ಸೇರಿ.

ಕುಂದಗೋಳದಿಂದ: ಮುಂದಿನ ತಾರೀಖು ತಿಳಿಯಲು ಪ್ರತಿ ಸಲ ಒಬ್ಬರಿಗೆ ಚಹಾದ ದುಡ್ಡು ಅಂತ ಕೊಡುತ್ತೇನೆ. ಬೇರೆ ದಾರಿ ಇಲ್ಲವಾ?

ಇದೆ, ಮತ್ತು ಅದು ಪುಕ್ಕಟೆ. ನಿಮ್ಮ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಅಂತ ಒಂದು ಇರುತ್ತದೆ. ವಕೀಲರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿ ಆ ನಂಬರ್ ಕೊಟ್ಟರೆ ಮುಂದಿನ ತಾರೀಖು, ಹೋದ ಸಲ ಏನಾಯಿತು, ಯಾವ ಕೋರ್ಟ್ ಹಾಲ್, ಎಲ್ಲ ಬರುತ್ತದೆ. ಆದೇಶದ ಪ್ರತಿಯೂ ಬಹಳ ಸಲ ಅಲ್ಲೇ ಸಿಗುತ್ತದೆ. ದೃಢೀಕೃತ ನಕಲು ಬೇಕಾದರೆ ಮಾತ್ರ ನಕಲು ಶಾಖೆಗೆ ಅರ್ಜಿ ಹಾಕಿ. ಅದರ ಫೀಸಿಗೆ ರಸೀದಿ ಕೇಳಿ. ರಸೀದಿ ಇಲ್ಲದ ದುಡ್ಡು ಯಾವುದೂ ಕೋರ್ಟಿನದಲ್ಲ.

ಆ ಚಹಾದ ದುಡ್ಡಿನ ಬಗ್ಗೆ ಬರೆಯಲು ನನಗೆ ಸ್ವಲ್ಪ ಸಂಕೋಚವೇ, ಯಾಕಂದರೆ ನಾನೂ ಅದೇ ಮಂದಿಯ ನಡುವೆ ಕೂತವನು. ಕೊಡುವವರು ಇರುವವರೆಗೆ ತಗೊಳ್ಳುವ ಕೈಯೂ ಇರುತ್ತದೆ. ಮೊಬೈಲು ನಿಮ್ಮ ಕಿಸೆಯಲ್ಲೇ ಇದೆ. ನಿಮಗೆ ಬರದಿದ್ದರೆ ಮೊಮ್ಮಗಳ ಕೈಗೆ ಕೊಡಿ, ಎರಡು ನಿಮಿಷದಲ್ಲಿ ತಾರೀಖು ಹುಡುಕಿ ಕೊಡುತ್ತಾಳೆ. ಕೋರ್ಟ್ ಹಾಲಿಗೆ ಹೋಗುವಾಗ ಮಾತ್ರ ಅದನ್ನು ಬಂದ್ ಮಾಡಿ ಹೋಗಿ. ಸಾಹೇಬರು ತೀರ್ಪು ಓದುವ ಹೊತ್ತಿಗೆ ಒಬ್ಬರ ಕಿಸೆಯಲ್ಲಿ ಜೋಗುಳದ ರಿಂಗ್‌ಟೋನ್ ಹೊಡೆದು, ಆ ಮನುಷ್ಯ ಬಂದ್ ಮಾಡಲಿಕ್ಕೆ ಬಾರದೆ ಮೊಬೈಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಓಡಿದ್ದನ್ನು ನಾನು ಇನ್ನೂ ಮರೆತಿಲ್ಲ.